ಅತಿ ಮುಖ್ಯ, ತೆರೆಯಬೇಡಿ

ಬೆನಿಗ್ನೊ ಮೂವತ್ತೊಂದು ವರ್ಷ ನಮ್ಮ ಕಾಮಗ್ವೇ ಊರಿನ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಸಂಬಳ ತಿಂದವನು. ಯಾವ ಬಸ್ಸು ತಡ, ಯಾವ ಬಸ್ಸು ರದ್ದು ಎಂದು ಜನಕ್ಕೆ ಕೂಗಿ ಹೇಳುವುದು ಅವನ ಕೆಲಸ. ಹೊತ್ತಿಗೆ ಸರಿಯಾಗಿ ಬಂದ ಬಸ್ಸಿನ ಸುದ್ದಿ ಹೇಳುವ ಭಾಗ್ಯ ಅವನಿಗೆ ವರ್ಷಕ್ಕೆ ಎರಡು ಸಲ ಸಿಕ್ಕಿದ್ದರೆ ಹೆಚ್ಚು. ಆ ಗಂಟಲಿನಲ್ಲಿ ಅದೇನು ಅಧಿಕಾರವಿತ್ತೋ, "ಬಸ್ಸು ರದ್ದಾಗಿದೆ" ಎಂದು ಅವನು ಅಂದರೆ, ಬಸ್ಸು ಕಣ್ಣೆದುರು ಹೊಗೆ ಬಿಡುತ್ತ ನಿಂತಿದ್ದರೂ ಜನ ಗಂಟುಮೂಟೆ ಎತ್ತಿಕೊಂಡು ಮನೆಗೆ ಹೋಗಿಬಿಡುತ್ತಿದ್ದರು.

ನಾನು ಫೆರ್ಮಿನ್, ಕ್ಷೌರಿಕ. ಅವನ ಮನೆಗೂ ನನ್ನ ಮನೆಗೂ ಗೋಡೆ ಒಂದೇ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಜನರ ತಲೆ ಬೋಳಿಸುವುದು ನನ್ನ ಕಸುಬು. ಬೆನಿಗ್ನೊ ಕತ್ತರಿಯಿಲ್ಲದೆ ಅದೇ ಕೆಲಸ ಮಾಡುತ್ತಿದ್ದ.

ನಮ್ಮೂರಿಗೆ ಇಂಟರ್ನೆಟ್ ಎಂಬುದು ಶನಿವಾರ ಸೈಕಲ್ ಮೇಲೆ ಬರುತ್ತದೆ. ಒರೆಸ್ತೆಸ್ ಎಂಬ ಉದ್ದ ಕಾಲಿನವನು ಹೆಗಲ ಚೀಲದಲ್ಲಿ ಸೋಪಿನ ಗಾತ್ರದ ಒಂದು ಡಿಸ್ಕ್ ಇಟ್ಟುಕೊಂಡು ಮನೆಮನೆಗೆ ಬರುತ್ತಾನೆ. ಧಾರಾವಾಹಿ, ಬೇಸ್‌ಬಾಲ್, ಹಾಡು, ಎಲ್ಲ ಅದರೊಳಗಿರುತ್ತವೆ. ನಾವು ಅದನ್ನು ಪೊಟ್ಟಣ ಎನ್ನುತ್ತೇವೆ. ಬೇಕಾದವರು ಬೇಕಾದ್ದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದರ ತಳದಲ್ಲಿ, ಪಾತ್ರೆಯ ತಳಕ್ಕೆ ಹತ್ತಿದ ಅನ್ನದ ಹಾಗೆ ಯಾರಿಗೂ ಬೇಡದ ಒಂದು ಭಾಗವಿತ್ತು: ವಿಂಡೋಸ್ ಬಳಸುವವರಿಗೆ ಉಪಯುಕ್ತ ಉಚಿತ ತಂತ್ರಾಂಶಗಳು ಮತ್ತು ಸುದ್ದಿ. ವೈರಸ್ ಹಿಡಿಯುವುದು, ಕಸ ಗುಡಿಸುವುದು, ಗಡಿಯಾರ ಸರಿಮಾಡುವುದು, ಹೀಗೆ. ನಿವೃತ್ತನಾದ ಮೇಲೆ ಬೆನಿಗ್ನೊ ಆ ತಳವನ್ನೇ ಕೆರೆಕೆರೆದು ತಿನ್ನತೊಡಗಿದ. ಸೋದರಳಿಯ ಬಿಟ್ಟುಹೋದ ಒಂದು ಹಳೇ ಕಂಪ್ಯೂಟರ್ ಅವನ ಹತ್ತಿರ ಇತ್ತು. ಆರೇ ತಿಂಗಳಿಗೆ ಬಾಗಿಲ ಮೇಲೆ ಹಲಗೆ ಬಿತ್ತು: "ಬೆನಿಗ್ನೊ. ವಿಂಡೋಸ್ ಸಲಹೆಗಾರ. ಉಚಿತ."

ಅಷ್ಟಕ್ಕೆ ನಿಂತಿದ್ದರೆ ಊರು ಬದುಕುತ್ತಿತ್ತು. ತಾನೇ ಒಂದು ವಾರಪತ್ರಿಕೆ ಬರೆಯಲು ಶುರುಮಾಡಿದ. ಅದಕ್ಕೊಂದು ಫೋಲ್ಡರ್ ಮಾಡಿ, "ಬೆನಿಗ್ನೊ" ಎಂದು ಹೆಸರಿಟ್ಟು, ಒರೆಸ್ತೆಸ್‌ನ ಕೈಕಾಲು ಹಿಡಿದು ಅದನ್ನೂ ಪೊಟ್ಟಣಕ್ಕೆ ಸೇರಿಸಿದ. ಅಲ್ಲಿಂದ ಮುಂದೆ ಒರೆಸ್ತೆಸ್ ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ಮನೆಗಳನ್ನು ಮುಗಿಸಿ, ಕೊನೆಗೆ ಬೆನಿಗ್ನೊನ ಮನೆಗೆ ಬಂದು, ಫೋಲ್ಡರ್ ಹಾಕಿಸಿಕೊಂಡು, ರೈಲ್ವೆ ಕಡೆಯ ಬೀದಿಗಳಿಗೂ ಆಮೇಲೆ ಇಡೀ ಪ್ರಾಂತ್ಯಕ್ಕೂ ಹೊರಡುತ್ತಿದ್ದ.

ಎರಡು ಸಾವಿರದ ಹದಿನಾಲ್ಕರ ಮಾರ್ಚ್ ಕೊನೆಯ ಸುದ್ದಿಯಲ್ಲಿ ಒಂದು ಸಾಲು ಬಂತು: ಏಪ್ರಿಲ್ ಎಂಟರಿಂದ ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಲ್ಲುತ್ತದೆ. ತಯಾರಿಸಿದವರು ಇನ್ನು ಅದರ ರಿಪೇರಿ ನೋಡುವುದಿಲ್ಲ ಎಂದು ಅದರ ಅರ್ಥ, ಅಷ್ಟೇ. ಆದರೆ ಓದಿದವನು ಬಸ್ ನಿಲ್ದಾಣದವನು. ಕಿಟಕಿಗೆ ಬಂದು ನಿಂತು, ಗಂಟಲು ಸರಿಮಾಡಿಕೊಂಡ.

"ಗಮನಿಸಿ, ಗಮನಿಸಿ! ಏಪ್ರಿಲ್ ಎಂಟು, ಮಂಗಳವಾರದಿಂದ ಎಕ್ಸ್‌ಪಿ ಸೇವೆ ರದ್ದಾಗಿದೆ! ಪ್ರಯಾಣಿಕರು ತಂತಮ್ಮ ಸಾಮಾನುಗಳನ್ನು ಇಳಿಸಿಕೊಳ್ಳತಕ್ಕದ್ದು!"

ಬೀದಿಯಲ್ಲಿದ್ದ ಹನ್ನೊಂದು ಕಂಪ್ಯೂಟರುಗಳೂ ಎಕ್ಸ್‌ಪಿಯವೇ. ಆ ಸಂಜೆಯೇ ಸೂತಕ ಹಿಡಿಯಿತು. ನನ್ನ ಹೆಂಡತಿ ಮಿಗ್ದಾಲಿಯ ಒಂದು ವಾರದೊಳಗೆ ಮೂರು ಧಾರಾವಾಹಿಗಳನ್ನು ಮುಗಿಸುವ ಪಣ ತೊಟ್ಟು ಕೂತಳು. ನಾನು ಹಸಿವು ಅಂದರೆ, "ಮಂಗಳವಾರ ಆದ್ಮೇಲೆ ದಿನಾ ಬೇಯಿಸಿ ಹಾಕ್ತೀನಿ, ಈಗ ಸುಮ್ನಿರಿ. ಈ ನಾಯಕಿ ಮಗು ಯಾರದ್ದು ಅಂತ ಗೊತ್ತಾಗ್ದೆ ನಾನು ಸಾಯ್ಲಾ?" ಎಂದಳು. ಎದುರುಮನೆಯವರು, ಸಿಡಿದರೆ ಎಂಬ ಮುಂಜಾಗ್ರತೆಗೆ, ಕಂಪ್ಯೂಟರ್ ಪಕ್ಕ ಒಂದು ಬಕೆಟ್ ನೀರಿಟ್ಟರು.

ಇಲ್ಲಿ ಸೆನೈದಾಳ ವಿಷಯ ಹೇಳಬೇಕು. ಅವಳು ನಮ್ಮ ಪಡಿತರ ಅಂಗಡಿಯ ತಕ್ಕಡಿಯ ಒಡತಿ. ಅಕ್ಕಿ, ಬೀನ್ಸ್, ಸಕ್ಕರೆ, ಮೊಟ್ಟೆ, ಇಡೀ ಬೀದಿಯ ಹೊಟ್ಟೆ ಅವಳ ಕೈಯಲ್ಲಿ. ಗಂಡ ತೀರಿ ಹತ್ತು ವರ್ಷವಾಗಿತ್ತು. ಒಬ್ಬಳೇ ಮಗಳು ಯೂದೆಲ್ಕಿಸ್, ಪಶುವೈದ್ಯದ ಕೊನೆಯ ವರ್ಷ. ಮೂವತ್ತೊಂದು ವರ್ಷ ಸಾವಿರಾರು ಜನಕ್ಕೆ ಕೂಗಿದ ಬೆನಿಗ್ನೊನಿಗೆ ಸೆನೈದಾಳ ಎದುರು ನಿಂತರೆ ಮಾತ್ರ ಬೀನ್ಸ್ ಎಂಬ ಎರಡಕ್ಷರ ಬಾಯಿಂದ ಹೊರಡುತ್ತಿರಲಿಲ್ಲ. ಆರು ವರ್ಷದಿಂದ ಪಡಿತರ ಪುಸ್ತಕ ಚಾಚಿ ಬೆರಳು ತೋರಿಸುತ್ತಿದ್ದ. ಸೆಖೆಗಿರಬೇಕು ಎಂದು ನಾನು ಅಂದುಕೊಂಡಿದ್ದೆ. ನನ್ನ ಬುದ್ಧಿಗೆ ಇಷ್ಟು!

ಶುಕ್ರವಾರ ಸಂಜೆ ಸೆನೈದಾ ಕಂಪ್ಯೂಟರಿನ ಡಬ್ಬವನ್ನು ಅಕ್ಕಿ ಮೂಟೆಯ ಹಾಗೆ ಹೊತ್ತು ತಂದಳು. ಹಿಂದೆ ಮಗಳು.

"ಬೆನಿಗ್ನೊ ಅವ್ರೇ, ನಿಮ್ಮನ್ನೇ ನಂಬ್ಕೊಂಡು ಬಂದಿದೀನಿ. ಮಗಳ ಪ್ರಬಂಧ ಇದ್ರೊಳಗಿದೆ. ಎಂಬತ್ನಾಲ್ಕು ಪುಟ. ಎರಡು ವರ್ಷ ಎಮ್ಮೆ ಕೊಟ್ಟಿಗೇಲಿ ಸೆಗಣಿ ತುಳ್ಕೊಂಡು ಬರ್ದಿರೋದು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಒಪ್ಪಿಸ್ಬೇಕು, ಇಲ್ದಿದ್ರೆ ಪದವಿ ಮುಂದಿನ ವರ್ಷಕ್ಕೆ ಹೋಗತ್ತೆ. ಮಂಗಳವಾರದ ಗ್ರಹಚಾರ ಎರಡು ದಿನ ಮುಂಚೆನೇ ಬಂದು ವಕ್ಕರಿಸಿದ್ರೆ ನಾನೇನ್ ಮಾಡ್ಲಿ?"

"ಪೆನ್‌ಡ್ರೈವಲ್ಲೂ ಒಂದು ಪ್ರತಿ ಇದೆ ತಾತ, ಕೊಡ್ಲಾ?" ಎಂದಳು ಯೂದೆಲ್ಕಿಸ್. ಪ್ರಬಂಧದ ವಿಷಯ, ಎಮ್ಮೆಗಳ ಕೆಚ್ಚಲು ಬಾವು.

ಬೆನಿಗ್ನೊ ಬೆರಳಲ್ಲೇ ಪೆನ್‌ಡ್ರೈವ್ ಇಸಿದುಕೊಂಡ, ಬೆರಳಲ್ಲೇ ಡಬ್ಬ ಇಡುವ ಜಾಗ ತೋರಿಸಿದ, ಎದೆ ಮುಟ್ಟಿಕೊಂಡು ಅಭಯ ಕೊಟ್ಟ.

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡವನು, ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಮೊದಲು ಪ್ರಬಂಧದ ಒಂದು ಪ್ರತಿಯನ್ನು ತನ್ನ ಕಂಪ್ಯೂಟರಿಗೆ, "ಬೆನಿಗ್ನೊ" ಎಂಬ ಫೋಲ್ಡರಿಗೇ ಹಾಕಿಕೊಂಡ. ಕಣ್ಣು ಮುಚ್ಚಿ ಹುಡುಕಿದರೂ ಅವನಿಗೆ ಸಿಗುವ ಫೋಲ್ಡರ್ ಅದೊಂದೇ. ಆಮೇಲೆ ಅವಳ ಡಿಸ್ಕನ್ನೂ ಪೆನ್‌ಡ್ರೈವನ್ನೂ ತನ್ನದಕ್ಕೆ ಜೋಡಿಸಿ, ಆ ವಾರದ ಪೊಟ್ಟಣದಲ್ಲಿ ಉಚಿತವಾಗಿ ಬಂದಿದ್ದ "ಪೊರಕೆ" ಎಂಬ ತಂತ್ರಾಂಶವನ್ನು ಓಡಿಸಿದ.

"ನೋಡು ಫೆರ್ಮಿನ್, ಒಂದೇ ಥರದ್ದು ಎರಡು ಮೂರು ಇದ್ರೆ ಒಂದನ್ನ ಉಳಿಸಿ ಮಿಕ್ಕಿದ್ದನ್ನ ಗುಡಿಸತ್ತಂತೆ. ಜಾಗ ಉಳಿಯತ್ತೆ."

"ಗುಡಿಸ್ಲಿ ಬಿಡು," ಎಂದೆ ನಾನು ಮಹಾ ಬಲ್ಲವನ ಹಾಗೆ.

ಪೊರಕೆ ಇಂಗ್ಲಿಷಿನಲ್ಲಿ ಏನೋ ಕೇಳಿತು. ಹೌದು ಅಂದ. ಮತ್ತೆ ಕೇಳಿತು. ಹೌದು ಅಂದ. ಮೂರನೇ ಸಲ ಕೆಂಪು ಅಕ್ಷರದಲ್ಲಿ ಕೇಳಿತು. "ಎಷ್ಟು ಸಲ ಕೇಳ್ತೀಯೋ ಪುಣ್ಯಾತ್ಮ!" ಎಂದು ಬೈದು, ಹೌದು ಅಂದ. ಅದು ತನ್ನ ಧರ್ಮ ತಾನು ಮಾಡಿತು. ಪ್ರಬಂಧದ ಪ್ರತಿಗಳು ಮೂರಿದ್ದವು: ಸೆನೈದಾಳ ಡಿಸ್ಕಿನಲ್ಲೊಂದು, ಪೆನ್‌ಡ್ರೈವಿನಲ್ಲೊಂದು, ಇವನ ಫೋಲ್ಡರಿನಲ್ಲೊಂದು. ಮೊದಲೆರಡನ್ನು ಗುಡಿಸಿ ಹಾಕಿ ಇವನದ್ದನ್ನು ಉಳಿಸಿತು.

ಮಾರನೇ ದಿನ ಶನಿವಾರ. ಒರೆಸ್ತೆಸ್ ಬಂದ. ಕಾಪಿ ಮಾಡುವುದು ದಂಡ, ಕಟ್ ಮಾಡಿ ಹಾಕಿದರೆ ಜಾಗ ಉಳಿಯುತ್ತದೆ ಎಂದು ಬೆನಿಗ್ನೊ ಹೋದ ವಾರದ ಪತ್ರಿಕೆಯಲ್ಲಿ ಬೋಧಿಸಿದ್ದ. ಆಡಿದಂತೆ ನಡೆಯುವ ಮನುಷ್ಯ. ಫೋಲ್ಡರನ್ನು ಕಟ್ ಮಾಡಿ ಒರೆಸ್ತೆಸ್‌ನ ಡಿಸ್ಕಿಗೆ ಹಾಕಿದ. ಒರೆಸ್ತೆಸ್ ಕಾಫಿ ಕುಡಿದು, ಸೈಕಲ್ ಹತ್ತಿ, ರೈಲ್ವೆ ಕಡೆಯ ಬೀದಿಗಳಲ್ಲಿ ಹಂಚುತ್ತ ಹಂಚುತ್ತ, ಮಧ್ಯಾಹ್ನದ ರೈಲಿಗೆ ಕಡಲ ದಡದ ನುಯೆವಿತಾಸ್ ಕಡೆ ಹೊರಟುಹೋದ.

ಶನಿವಾರ ನಾಲ್ಕು ಗಂಟೆಗೆ ಗೋಡೆಯ ಆಚೆ ಏನೋ ಧೊಪ್ಪೆಂದು ಬಿದ್ದ ಸದ್ದಾಯಿತು. ಓಡಿಹೋದೆ. ಬೆನಿಗ್ನೊ ನೆಲದ ಮೇಲೆ ಕೂತಿದ್ದ. ಮುಖ ಹಿಂಡಿದ ಬಟ್ಟೆಯಾಗಿತ್ತು.

"ಇಲ್ಲ ಕಣೋ. ಅವಳದ್ರಲ್ಲಿ ಇಲ್ಲ, ಪೆನ್‌ಡ್ರೈವಲ್ಲಿ ಇಲ್ಲ, ನನ್ನದ್ರಲ್ಲೂ ಇಲ್ಲ. ಎಂಬತ್ನಾಲ್ಕು ಪುಟ ಎಮ್ಮೆ, ಒಂದ್ ಬಾಲ ಕೂಡ ಉಳ್ದಿಲ್ಲ!"

"ಒರೆಸ್ತೆಸ್ ಹತ್ರ ಇರತ್ತಲ್ಲೋ. ರೈಲ್ವೆ ಕಡೆ ಮನೆಮನೇಲೂ ಇರತ್ತೆ. ಒಂದು ಮನೆಗೆ ಹೋಗಿ ಇಳಿಸ್ಕೊಂಡ್ರೆ ಆಯ್ತು. ಅದಕ್ಯಾಕೆ ಹೀಗೆ ಸಾಯ್ತೀಯ?"

"ಆಗಲ್ಲ."

"ಯಾಕಾಗಲ್ಲ?"

"ಆ ಫೋಲ್ಡರಲ್ಲಿ ಇನ್ನೊಂದಿದೆ." ಬೆನಿಗ್ನೊ ಬಾಗಿಲ ಕಡೆ ನೋಡಿ, ದನಿ ಇಳಿಸಿದ. ಆ ಗಂಟಲು ಇಳಿಯಬಲ್ಲದು ಎಂದು ನನಗೆ ಗೊತ್ತಾದದ್ದೇ ಆವತ್ತು. "ಒಂದು ಕಾಗ್ದ. ನಿನ್ನೆ ರಾತ್ರಿ ನಾನು ಬರ್ದಿದ್ದು. ಸೆನೈದಾಗೆ."

"ಏನ್ ಕಾಗ್ದ? ಅಕ್ಕಿ ಕಡಿಮೆ ಕೊಟ್ಳು ಅಂತಾನಾ?"

ಅವನು ನನ್ನನ್ನು ನೋಡಿದ ನೋಟಕ್ಕೆ ನನಗೆ ಆರು ವರ್ಷದ ಬೆರಳು ತೋರಿಸುವಿಕೆಯೆಲ್ಲ ಒಟ್ಟಿಗೆ ಅರ್ಥವಾಯಿತು.

"ಅಯ್ಯೋ ನಿನ್ನ! ಫೈಲಿಗೆ ಹೆಸರೇನು ಇಟ್ಟಿದೀಯ? ಏನಾದ್ರೂ ಸಪ್ಪೆ ಹೆಸರು ಇಟ್ಟಿದ್ರೆ ಯಾರೂ ನೋಡಿರಲ್ಲ."

"'ಅತಿ ಮುಖ್ಯ, ತೆರೆಯಬೇಡಿ' ಅಂತ ಇಟ್ಟಿದೀನಿ."

ನಾನೂ ಅವನ ಪಕ್ಕ ನೆಲದ ಮೇಲೆ ಕೂತೆ.

ಬಿಸಿ ತುಪ್ಪ ಅಂದರೆ ಇದೇ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಎಮ್ಮೆ ಬೇಕೆಂದು ಯಾರನ್ನು ಕೇಳಿದರೂ ಅವರು ಆ ಫೋಲ್ಡರ್ ತೆರೆಯಬೇಕು. ತೆರೆದವರು ಇದನ್ನು ಬಿಟ್ಟಾರೆಯೇ? ಬೆನಿಗ್ನೊ ಒಂದೇ ಹಟ ಹಿಡಿದ: ಒರೆಸ್ತೆಸ್ ಒಬ್ಬನನ್ನೇ ಹಿಡಿಯಬೇಕು, ಗುಟ್ಟಾಗಿ. ಫೋನ್ ಇದ್ದದ್ದು ನನ್ನ ಮನೆಯಲ್ಲಿ. ನನ್ನ ಹೆಂಡತಿ ಧಾರಾವಾಹಿ ನಿಲ್ಲಿಸಿ ಕಿವಿ ಈ ಕಡೆ ಇಟ್ಟಳು. ನುಯೆವಿತಾಸ್‌ನಲ್ಲಿ ಒರೆಸ್ತೆಸ್‌ನ ಅತ್ತೆ ಫೋನ್ ಎತ್ತಿ, ಅಳಿಯಂದಿರು ಮೀನು ಹಿಡಿಯಲು ಸಮುದ್ರಕ್ಕೆ ಹೋಗಿದ್ದಾರೆ, ಸೋಮವಾರ ಸಂಜೆ ಬರುತ್ತಾರೆ ಎಂದಳು.

"ಡಿಸ್ಕ್ ಎಲ್ಲಿದೆ ತಾಯಿ?"

"ಅವರ ಸೊಂಟದಲ್ಲಿ. ಅದನ್ನ ಬಿಟ್ಟು ಅವರು ಸ್ನಾನಕ್ಕೂ ಹೋಗಲ್ಲ."

ಸಂಜೆ ಯೂದೆಲ್ಕಿಸ್ ಬಂದಳು. ಬೆನಿಗ್ನೊ ಬಾಗಿಲು ಅರ್ಧ ತೆರೆದು, "ಗುಡಿಸ್ತಾ ಇದೆ ಮಗು," ಎಂದ. ಎರಡು ಗಂಟೆ ಬಿಟ್ಟು ಮತ್ತೆ ಬಂದಳು. "ಒರೆಸ್ತಾ ಇದೆ," ಎಂದ. ಹುಡುಗಿ ಪಶುವೈದ್ಯೆ, ನೋವು ಮುಚ್ಚಿಡುವ ಎಮ್ಮೆಗಳನ್ನು ಎರಡು ವರ್ಷ ನೋಡಿದವಳು. ಅವನ ಮುಖವನ್ನೇ ದಿಟ್ಟಿಸಿ ನೋಡಿ ಹೊರಟುಹೋದಳು.

ಭಾನುವಾರ ಬೆಳಿಗ್ಗೆ ಪಡಿತರ ಅಂಗಡಿಗೆ ಬೀನ್ಸ್ ಬಂದಿತ್ತು. ನಮ್ಮ ಬೀದಿಯವರೂ ರೈಲ್ವೆ ಕಡೆಯವರೂ ಸೇರಿ ಸಾಲು ಮೂಲೆ ದಾಟಿತ್ತು. "ಕೊನೆಯವರು ಯಾರು?" ಎಂದು ಕೇಳಿ ನಾವೂ ನಿಂತೆವು. ರೈಲ್ವೆ ಕಡೆಯ ಒಬ್ಬ ಮುದುಕಿ ತಿರುಗಿ ಬೆನಿಗ್ನೊನನ್ನು ಮೇಲಿಂದ ಕೆಳಗೆ ನೋಡಿ, ಕೆನ್ನೆ ತಟ್ಟಿ, "ಪಾಪ" ಎಂದಳು. ಮುಂದಿನವನು ಮುಂದಿನವನಿಗೆ ಏನೋ ಪಿಸುಗುಟ್ಟಿದ. ನಗು ಸಾಲಿನುದ್ದಕ್ಕೂ ತೆವಳಿಕೊಂಡು ಅಂಗಡಿ ಬಾಗಿಲವರೆಗೂ ಹೋಗಿ, ಸೆನೈದಾಳ ಮುಖ ಕಂಡು ಹೆದರಿ ವಾಪಸ್ಸು ಬಂತು.

"ಮನೆಗೆ ಹೋಗೋಣ ಕಣೋ. ನನಗೆ ಬೀನ್ಸ್ ಬೇಡ," ಎಂದು, ಸಾಲು ಅಂಗಡಿ ಬಾಗಿಲಿಗೆ ಹತ್ತಿರವಾದಾಗ, ಬೆನಿಗ್ನೊ ನನ್ನ ತೋಳು ಹಿಡಿದ.

ಅಷ್ಟರಲ್ಲಿ ಯೂದೆಲ್ಕಿಸ್ ಓಡಿ ಬಂದಳು. ನಾವಿಲ್ಲದಾಗ ಅವನ ಮನೆಗೆ ಹೋಗಿದ್ದಾಳೆ, ಬಾಗಿಲಿಗೆ ಎಂದಿನಂತೆ ಬೀಗವಿಲ್ಲ, ಕಂಪ್ಯೂಟರನ್ನು ತಾನೇ ನೋಡಿದ್ದಾಳೆ.

"ಅಮ್ಮಾ! ಇಲ್ಲ ಅಮ್ಮಾ! ಎಲ್ಲೂ ಇಲ್ಲ! ಎಲ್ಲಾ ಹೋಯ್ತು!" ಎಂದು ಅಂಗಡಿಯ ಕಟ್ಟೆಗೆ ತಲೆಯಿಟ್ಟು ಅಳತೊಡಗಿದಳು.

ಸೆನೈದಾ ಬೀನ್ಸ್ ಸುರಿಯುತ್ತಿದ್ದವಳು ನಿಲ್ಲಿಸಿದಳು. ತಕ್ಕಡಿಯ ಮುಳ್ಳು ಅಲ್ಲಾಡುತ್ತ ಅಲ್ಲಾಡುತ್ತ ನಿಂತಿತು. ಸೆನೈದಾ ಗುಡುಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಸೊಂಟದ ಬಟ್ಟೆಗೆ ಕೈ ಒರೆಸಿಕೊಂಡು, ಮೆಲ್ಲಗೆ ಕೇಳಿದಳು:

"ಬೆನಿಗ್ನೊ ಅವ್ರೇ, ನನ್ನ ಮಗಳ ಎರಡು ವರ್ಷ ಎಲ್ಲಿ?"

ಬೆನಿಗ್ನೊನ ಕೈ ಮೇಲೆದ್ದಿತು. ಈಗ ಬೆರಳು ತೋರಿಸಿದರೆ ನಾನೇ ಆ ಬೆರಳು ಮುರಿಯುವವನಿದ್ದೆ. ಅವನು ಅಳುತ್ತಿದ್ದ ಹುಡುಗಿಯನ್ನು ಒಮ್ಮೆ ನೋಡಿದ. ಮೈಕ್ ಹಿಡಿದವನಂತೆ ಬಾಯಿಯ ಮುಂದೆ ಮುಷ್ಟಿ ಹಿಡಿದ. ಬಸ್ ನಿಲ್ದಾಣದ ಆ ಗಂಟಲು ನಿವೃತ್ತನಾದ ಐದು ವರ್ಷದ ಮೇಲೆ ಪೂರ್ತಿ ತೆರೆಯಿತು.

"ಗಮನಿಸಿ, ಗಮನಿಸಿ! ಪ್ರಯಾಣಿಕರ ಗಮನಕ್ಕೆ! ಕುಮಾರಿ ಯೂದೆಲ್ಕಿಸ್ ಅವರ ಎಮ್ಮೆ ಪ್ರಬಂಧವು, ಬೆನಿಗ್ನೊ ಎಂಬ ದಡ್ಡನ ತಪ್ಪಿನಿಂದಾಗಿ, ಈ ವಾರದ ಪೊಟ್ಟಣದಲ್ಲಿ, ಬೆನಿಗ್ನೊ ಎಂಬ ಫೋಲ್ಡರಿನಲ್ಲಿ ಪ್ರಯಾಣಿಸುತ್ತಿದೆ! ಇಳಿಸಿಕೊಂಡಿರುವ ಮಹಾಶಯರು ಕೂಡಲೇ ಪಡಿತರ ಅಂಗಡಿಗೆ ತಂದು ಒಪ್ಪಿಸತಕ್ಕದ್ದು! ಅದೇ ಫೋಲ್ಡರಿನಲ್ಲಿರುವ ಇನ್ನೊಂದು ಫೈಲನ್ನು..." ಇಲ್ಲಿ ದನಿ ಒಡೆಯಿತು. "...ಅದನ್ನು ಓದಿದವರು ಓದಿಲ್ಲವೆಂದು ತಿಳಿಯತಕ್ಕದ್ದು!"

"ಎಮ್ಮೆ ನನ್ನತ್ರ ಇದೆ!" ಎಂದು ರೈಲ್ವೆ ಕಡೆಯವನೊಬ್ಬ ಕೂಗಿದ.

"ನಮ್ಮನೇಲೂ ಇದೆ!"

"ನಲವತ್ತೊಂದ್ನೇ ಪುಟದಲ್ಲಿ ಕೋಷ್ಟಕ ಎರಡು ಸಲ ಬಂದಿದೆ ಮಗಳೇ, ನೋಡ್ಕೊ!" ಎಂದ ಹಾಲಿನ ಡೈರಿಯ ಒಬ್ಬ ಅಜ್ಜ. "ಮಿಕ್ಕಂತೆ ಚೆನ್ನಾಗ್ ಬರ್ದಿದೀಯ. ನನ್ನ ಎಮ್ಮೆಗೂ ಅದೇ ಆಗಿರೋದು."

ನಾಲ್ಕೈದು ಜನ, ಸಾಲಿನಲ್ಲಿ ತಮ್ಮ ಜಾಗ ಯಾರ ಹಿಂದೆ ಎಂದು ಸಾಕ್ಷಿ ಹಿಡಿದಿಟ್ಟು, ಮನೆಗೆ ಓಡಿದರು. ಅರ್ಧ ಗಂಟೆಯಲ್ಲಿ ಅಂಗಡಿಯ ಕಟ್ಟೆಯ ಮೇಲೆ ಏಳು ಪೆನ್‌ಡ್ರೈವ್ ಬಿದ್ದವು. ಅಜ್ಜನ ಮೊಮ್ಮಗಳ ಕಚೇರಿಯಲ್ಲಿ ಪ್ರಿಂಟರ್ ಇತ್ತು. ಯೂದೆಲ್ಕಿಸ್ ಕಣ್ಣೊರೆಸಿಕೊಂಡು, ಏಳನ್ನೂ ಎತ್ತಿಕೊಂಡು ಓಡಿದಳು.

ಸೆನೈದಾ ಮಾತ್ರ ನಿಂತಲ್ಲೇ ನಿಂತಿದ್ದಳು. ಫೋಲ್ಡರ್ ಸೇರುವ ಮುಂಚೆಯೇ ಪೊಟ್ಟಣ ನಮ್ಮ ಬೀದಿಗೆ ಬಂದು ಹೋಗಿತ್ತಲ್ಲ, ಅವಳಿಗೆ ಏನೂ ಗೊತ್ತಿಲ್ಲ.

"ಇನ್ನೊಂದು ಫೈಲ್ ಅಂದ್ರಲ್ಲ, ಅದೇನು?"

ಸಾಲು ನೆಲ ನೋಡಿತು. ಕೊನೆಗೆ ಕೆನ್ನೆ ತಟ್ಟಿದ ಮುದುಕಿಯೇ, "ಅದು ನಿನಗೇ ಬರ್ದಿರೋದು ತಾಯಿ, ನಾವೆಲ್ಲ ಓದಿ ನೀನೊಬ್ಳು ಓದ್ದಿದ್ರೆ ನ್ಯಾಯ ಅಲ್ಲ," ಎಂದು, ಕಂಠಪಾಠ ಮಾಡಿದ್ದನ್ನು ಒಪ್ಪಿಸಿದಳು:

"ಪ್ರಯಾಣಿಕರ ಗಮನಕ್ಕೆ. ಹದಿನೇಳನೇ ನಂಬರಿನ ಮನೆಯಿಂದ ಪಡಿತರ ಅಂಗಡಿಗೆ ಹೊರಡಬೇಕಿದ್ದ ಬೆನಿಗ್ನೊ ಎಂಬ ಬಸ್ಸು ಆರು ವರ್ಷ ತಡವಾಗಿ ಓಡುತ್ತಿದೆ. ತಡಕ್ಕೆ ಕಾರಣ, ಚಾಲಕನ ಹೆದರಿಕೆ. ಬಸ್ಸು ಹಳೆಯದು, ಆದರೆ ಗಟ್ಟಿ. ಸೆನೈದಾ ಎಂಬ ಪ್ರಯಾಣಿಕರಿಗೆ ಕಿಟಕಿ ಪಕ್ಕದ ಸೀಟು ಕಾದಿರಿಸಿದೆ... ಆಮೇಲೇನೋ ಇತ್ತಪ್ಪ, ಮರ್ತೋಯ್ತು."

"ತಡಕ್ಕಾಗಿ ವಿಷಾದಿಸುತ್ತೇವೆ," ಎಂದ ಬೆನಿಗ್ನೊ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ. ಎಲ್ಲರಿಗೂ ಕೇಳಿತು.

ಸೆನೈದಾ ತಕ್ಕಡಿಗೆ ಬೀನ್ಸ್ ಸುರಿದಳು. "ಮುಂದಿನವರು," ಎಂದಳು. ಬೆನಿಗ್ನೊನ ಸರದಿ ಬಂದಾಗ ಪುಸ್ತಕ ನೋಡಿ, ತೂಗಿ, ಕೊಟ್ಟು ಕಳಿಸಿದಳು. ಅವನು ಮನೆಗೆ ಬಂದವನೇ ಆ ಬೀನ್ಸನ್ನು ನನ್ನ ಹೆಂಡತಿಯ ತಕ್ಕಡಿಯಲ್ಲಿ ಮೂರು ಸಲ ತೂಗಿದ. ಸರಿಯಾಗಿತ್ತು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ.

"ಇದರರ್ಥ ಏನು ಮಿಗ್ದಾಲಿಯ?"

"ಹೆಚ್ಚಿದ್ರೆ ಆಸೆ, ಕಮ್ಮಿ ಇದ್ರೆ ಸಿಟ್ಟು. ಸರಿಯಾಗಿದ್ರೆ..." ಎಂದು ಮಿಗ್ದಾಲಿಯ ತಲೆ ಕೆರೆದುಕೊಂಡಳು. "ಇಷ್ಟು ವರ್ಷದಲ್ಲಿ ನಾನು ಸರಿಯಾದ ತೂಕ ಕಂಡಿದ್ದೇ ಇದು ಮೊದ್ಲು. ಹೆದರ್ಕೆ ಆಗತ್ತಪ್ಪ."

ಸೋಮವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ ಪ್ರಬಂಧ ಒಪ್ಪಿಸಿದ್ದಾಯಿತು, ನಲವತ್ತೊಂದನೇ ಪುಟ ತಿದ್ದಿ. ಮಂಗಳವಾರ ಹನ್ನೊಂದು ಕಂಪ್ಯೂಟರುಗಳೂ ಎಂದಿನಂತೆ ಗೊರಗೊರ ಅಂದವು. ಎದುರುಮನೆಯವರು ಬಕೆಟ್ ನೀರನ್ನು ಗಿಡಕ್ಕೆ ಸುರಿದು, ಬೆನಿಗ್ನೊನ ಕಿಟಕಿಯ ಕಡೆ ಕೆಕ್ಕರಿಸಿ ನೋಡಿದರು. ಅವನಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಹಲಗೆ ಕಿತ್ತು ಒಳಗಿಟ್ಟ. ಊಟ ಬಿಟ್ಟ. ಡೊಮಿನೊ ಆಟದಲ್ಲಿ ನನ್ನ ಜೋಡಿಯಾಗಿದ್ದವನು, ಇಡಬಹುದಾಗಿದ್ದ ಡಬಲ್ ಆರರ ಬಿಲ್ಲೆ ಕೈಯಲ್ಲಿಟ್ಟುಕೊಂಡು ಪಾಸ್ ಎಂದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬುಧವಾರ ಸಕ್ಕರೆ ತರಲು ಹೋದಾಗಲೂ ತೂಕ ಸರಿಯಾಗಿತ್ತು.

ಮತ್ತೆ ಶನಿವಾರ ಬಂತು. ಎಂದೂ ತಪ್ಪದೆ ನಮ್ಮ ಬೀದಿಯಿಂದಲೇ ಶುರುಮಾಡುವ ಒರೆಸ್ತೆಸ್ ಆವತ್ತು ಹತ್ತಾದರೂ ಬರಲಿಲ್ಲ. ಹನ್ನೊಂದಕ್ಕೆ ರೈಲ್ವೆ ಕಡೆಯ ಒಬ್ಬ ನನ್ನ ಕುರ್ಚಿಗೆ ಕ್ಷೌರಕ್ಕೆ ಬಂದ. ಗೋಡೆಯ ಆಚೆ ಇಣುಕಿ, ಬೆನಿಗ್ನೊನನ್ನು ಕಂಡು, ಮೀಸೆಯಲ್ಲೇ ನಕ್ಕು, "ಏನಪ್ಪಾ, ಹೇಗಿದೀಯ?" ಎಂದ.

"ಯಾಕೆ? ಏನಾಯ್ತು?" ಎಂದ ಬೆನಿಗ್ನೊ.

"ಏನಿಲ್ಲಪ್ಪ. ಏನಿಲ್ಲ."

ಮಧ್ಯಾಹ್ನದ ಹೊತ್ತಿಗೆ ಕೆನ್ನೆ ತಟ್ಟುವ ಮುದುಕಿ ದಾರಿಯಲ್ಲಿ ನಿಂತು ಶಿಲುಬೆಯ ಗುರುತು ಮಾಡಿ ಹೋದಳು. ಹಾಲಿನ ಅಜ್ಜ ಒಂದು ಗಿಣ್ಣಿನ ತುಂಡು ಕೈಗಿಟ್ಟು ಹೋದ. ಸಮಾಧಾನವೋ ಅಭಿನಂದನೆಯೋ ಬೆನಿಗ್ನೊನಿಗೆ ತಿಳಿಯದು. ಮುಖ ಬಿಳಚಿಕೊಂಡು ಜಗಲಿಯ ಕಂಬ ಹಿಡಿದು ನಿಂತಿದ್ದ.

ಐದು ಗಂಟೆಗೆ ಒರೆಸ್ತೆಸ್ ಬಂದ, ಬೇರೆಲ್ಲ ಬೀದಿಗಳನ್ನೂ ಮುಗಿಸಿ.

"ಯೂದೆಲ್ಕಿಸ್ ಹೇಳಿದ್ಳು, ಈ ವಾರ ಉಲ್ಟಾ ಬಾ, ಈ ಮನೆಗೆ ಎಲ್ಲರಿಗಿಂತ ಕೊನೇಲಿ ಬಾ ಅಂತ. ಒಂದು ಫೈಲ್ ಕೊಟ್ಟಿದಾಳೆ, ಅವರಮ್ಮಂದು. ನಾನು ಓದಿಲ್ಲಪ್ಪ," ಎಂದು ಒರೆಸ್ತೆಸ್, ಓದಿದವನ ಮುಖ ಮಾಡಿಕೊಂಡು, ಡಿಸ್ಕ್ ಜೋಡಿಸಿದ.

ಫೋಲ್ಡರ್ "ಬೆನಿಗ್ನೊ". ಒಳಗೆ ಒಂದೇ ಫೈಲು: "ಅತಿ ಮುಖ್ಯ, ಬೆನಿಗ್ನೊ ಒಬ್ಬನೇ ತೆರೆಯತಕ್ಕದ್ದು". ಇಡೀ ಪ್ರಾಂತ್ಯ ಓದಿ ಮುಗಿಸಿದ್ದನ್ನು ತೆರೆಯಲು ಅವನ ಕೈ ಓಡಲಿಲ್ಲ. ನಾನು ಅವನ ಬೆರಳು ಹಿಡಿದು ಒತ್ತಿಸಿದೆ. ಮಿಗ್ದಾಲಿಯ ನಮ್ಮಿಬ್ಬರ ತಲೆಯ ಮಧ್ಯೆ ತಲೆ ತೂರಿಸಿದಳು.

"ನಾಳೆ ಅಂಗಡಿ ಮುಚ್ಚಿದ ಮೇಲೆ ಊಟಕ್ಕೆ ಬಾ. ಮರಗೆಣಸು ಬೇಯಿಸಿರುತ್ತೇನೆ. ಇನ್ನು ತಡ ಮಾಡಬೇಡ. ಕಂಪ್ಯೂಟರ್ ಮಾತ್ರ ಮುಟ್ಟಕೂಡದು."